ಅಮ್ಮ ಕೇಳದೆ ಹೋದ ಮಾತು

ಅಪ್ಪನಿಗೆ ನಮಸ್ಕಾರ.

ತಮ್ಮನೂ ನಾನೂ ಸುಖವಾಗಿ ತಲುಪಿದೆವು. ಇಂದು ಆಸ್ಪತ್ರೆಯಲ್ಲಿ ಅವನ ರಕ್ತ ತೆಗೆದುಕೊಂಡರು. ಆಮೇಲೆ ಸಂಶೋಧನೆ ಮಾಡುವ ಡಾಕ್ಟರಮ್ಮ ಆಳೆತ್ತರದ ಫ್ರೀಜರ್ ತೆರೆದು ತೋರಿಸಿದರು. ಬಿಳಿ ಹಬೆಯೊಳಗೆ ಸತ್ತವರು ದಾನ ಕೊಟ್ಟ ಮಿದುಳಿನ ಚೂರುಗಳಿದ್ದವು! ನಮ್ಮ ಜೀವಕೋಶಗಳಲ್ಲಿ ಆರ್‌ಎನ್‌ಎ ಅನ್ನೋ ಅಣುಗಳಿರುತ್ತವಂತೆ; ಅದರಲ್ಲಿ ಪ್ರೋಟೀನ್ ತಯಾರಿಸದ ಒಂದು ಬಗೆಯನ್ನು ಹಿಂದೆ ಕೆಲಸಕ್ಕೆ ಬಾರದ್ದು ಅಂದುಕೊಂಡಿದ್ದರಂತೆ. ಈಗ ನೋಡಿದರೆ, ಮಿದುಳಿನಲ್ಲಿ ಯಾವ ಜೀನ್ ಯಾವಾಗ ಕೆಲಸ ಮಾಡಬೇಕೆಂಬುದರಲ್ಲಿ ಅದರ ಕೈಯೂ ಇದೆಯಂತೆ. ತಮ್ಮನ ಹಾಗೆ ಮನಸ್ಸಿನ ಕಾಯಿಲೆ ಇರುವವರಲ್ಲಿ ಅದು ಏರುಪೇರಾಗಿರಬಹುದಂತೆ. ಅದಕ್ಕೆ ಮದ್ದು ಮಾತ್ರ ಇನ್ನೂ ಸಿಕ್ಕಿಲ್ಲ.

ತಮ್ಮ ಥಟ್ಟನೆ ಕೇಳಿದ: "ಅಮ್ಮ ಮುದ್ದು ಮಾಡಿ ಕೆಡಿಸಿದ್ಲು, ಅದಕ್ಕೇ ಹೀಗಾಯ್ತು ಅಂತಾರಲ್ಲ ನಮ್ಮಪ್ಪ?"

"ಇಲ್ಲಪ್ಪ. ಮುದ್ದಿನಿಂದ ಬರೋ ಕಾಯಿಲೆನೇ ಅಲ್ಲ ಇದು," ಅಂದರು ಡಾಕ್ಟರಮ್ಮ.

ಅವನು ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತ. ಅಮ್ಮ ಕಡೆಯವರೆಗೂ ತನ್ನದೇ ತಪ್ಪೆಂದು ಕೊರಗುತ್ತಲೇ ಹೋದಳು. ಈ ಒಂದು ಮಾತು ಕೇಳುವುದಕ್ಕಾದರೂ ಅವಳು ಇರಬೇಕಿತ್ತು, ಅಪ್ಪ.

ಅವನು ಮಾತ್ರೆ ತಪ್ಪಿಸುತ್ತಿಲ್ಲ, ಊಟವೂ ಸೇರುತ್ತಿದೆ. ನಿಮ್ಮ ಬಿ.ಪಿ. ಮಾತ್ರೆ ಮರೆಯಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಪಕ್ಕದಲ್ಲಿ ಕೂತು ಇದನ್ನೆಲ್ಲ ಓದುತ್ತಿರುವ ತಮ್ಮ ಹೇಳುತ್ತಿದ್ದಾನೆ: "ಅಕ್ಕಾ, ಅಪ್ಪಂಗೆ ಬೈದ ಹಾಗೆ ಬರೀಬೇಡ. ಅವರಿಗೂ ಗೊತ್ತಿರ್ಲಿಲ್ಲ."

ನಿಮ್ಮ ಮಗಳು