ಹದಿನೇಳನೆಯವಳ ಬಗ್ಗೆ ಒಂದು ವಾಕ್ಯ

ಮಾರ್ಚ್ ೨೮, ಶನಿವಾರ
ಶಾಲೆಯ ಸ್ಟಾಫ್ ರೂಮು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಕಳೆದ ಪತ್ರದಲ್ಲಿ ನೀನು ‘ಪರವಾಗಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೆ. ನೀನು ಪರವಾಗಿಲ್ಲ ಎಂದರೆ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದ್ದೀಯ ಎಂದು ಅರ್ಥ. ಅದು ನನಗೂ ಗೊತ್ತು, ಅಮ್ಮನಿಗೂ ಗೊತ್ತು. ವಯಸ್ಸಾದ ಸಿಸ್ಟರ್‌ಗಳನ್ನು ನೋಡಿಕೊಳ್ಳಲೆಂದು ನಿನ್ನನ್ನು ಆ ಕಾನ್ವೆಂಟಿಗೆ ಕಳಿಸಿದರು, ಈಗ ಅವರೇ ನಿನ್ನನ್ನು ನೋಡಿಕೊಳ್ಳುವಂತಾಗದಿರಲಿ. ಎಂಬತ್ತೊಂಬತ್ತು ವರ್ಷದ ಸಿಸ್ಟರ್ ಒಬ್ಬರು ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಅಮ್ಮ ಎರಡು ದಿನ ನಕ್ಕಳು. “ಸದ್ಯ, ಈ ವಯಸ್ಸಿನಲ್ಲಾದ್ರೂ ನನ್ನ ಮಗಳು ಸೋಲೋದು ಕಲೀತಿದ್ದಾಳೆ” ಅಂದಳು. ಅಮ್ಮ ಚೆನ್ನಾಗಿದ್ದಾಳೆ. ಕಣ್ಣಿನ ಹನಿ ಹಾಕಿಸಿಕೊಳ್ಳುವಾಗ ಮಾತ್ರ ಚಿಕ್ಕ ಮಗುವಿನಂತೆ ಮುಖ ತಿರುಗಿಸುತ್ತಾಳೆ. ನನ್ನ ಹೆಂಡತಿ ನಿನಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ, ಒಂದು ಕಾಲಿನದು ಮುಗಿದಿದೆ.

ನೀನು ಇಲ್ಲಿಂದ ಹೋಗಿ ಸರಿಯಾಗಿ ಒಂದು ವರ್ಷವಾಯಿತು. ನೀನು ಮುಖ್ಯೋಪಾಧ್ಯಾಯಿನಿಯಾಗಿದ್ದ ಹನ್ನೊಂದು ವರ್ಷ, ಒಡಹುಟ್ಟಿದವಳನ್ನೇ ಗೇಟಿನೊಳಗೆ ‘ಸಿಸ್ಟರ್’ ಎಂದೂ ಗೇಟಿನ ಹೊರಗೆ ‘ಅಕ್ಕ’ ಎಂದೂ ಕರೆದು ನಾಲಿಗೆಗೆ ಅಭ್ಯಾಸವಾಗಿತ್ತು. ಈಗ ನಿನ್ನ ಜಾಗಕ್ಕೆ ಬಂದ ಹೊಸ ಸಿಸ್ಟರ್ ಜೊತೆ ಮಾತಾಡುವಾಗ ಒಮ್ಮೆ ತಪ್ಪಿ ‘ಅಕ್ಕ’ ಎಂದುಬಿಟ್ಟೆ. ಅವರು ನನಗಿಂತ ಒಂಬತ್ತು ವರ್ಷ ಚಿಕ್ಕವರು. “ಪರವಾಗಿಲ್ಲ ಸರ್, ಬಡ್ತಿ ಸಿಕ್ಕ ಹಾಗಾಯ್ತು” ಅಂದರು. ಒಳ್ಳೆಯವರು. ನೀನು ಹೆದರಿದ್ದಂತೆ ಯಾವುದನ್ನೂ ಬುಡಮೇಲು ಮಾಡಿಲ್ಲ. ಪ್ರಾರ್ಥನಾಲಯದ ಪಕ್ಕದ ಸಂಗೀತದ ಕೋಣೆಯನ್ನು ಮಾತ್ರ ಮೇಲಿನ ಮಹಡಿಗೆ ಸಾಗಿಸಿದ್ದಾರೆ, ಹಾಗಾಗಿ ಕೆಳಗೆ ಫಾದರ್ ಪ್ರಸಂಗ ಮಾಡುವಾಗ ಈಗ ಎರಡನೆಯ ತರಗತಿಯವರ ಸರಿಗಮ ಕೇಳಿಸುವುದಿಲ್ಲ. ಫಾದರ್‌ಗೆ ಅದರಿಂದ ಸ್ವಲ್ಪ ಬೇಸರವೇ ಆಗಿದೆ. ಮಧ್ಯೆ ನಿಲ್ಲಿಸಿ ನೀರು ಕುಡಿಯಲು ಒಂದು ನೆಪವಿತ್ತು.

ಗುರುವಾರ ಪ್ರಾರ್ಥನಾಲಯದಲ್ಲಿ ಫಾದರ್ ವರ್ಷದ ಕೊನೆಯ ಕೃತಜ್ಞತಾ ಬಲಿಪೂಜೆ ನಡೆಸಿದರು, ಅದರ ಬೆನ್ನಿಗೇ ಲೆಕ್ಕದ ಟೀಚರ್ ಬೀಳ್ಕೊಡುಗೆ. ಐದನೆಯ ತರಗತಿಯನ್ನು ಮೂವತ್ತನಾಲ್ಕು ವರ್ಷ ನೋಡಿಕೊಂಡವರು, ನಿವೃತ್ತಿ ದಿನ ಏನು ಮಾತಾಡುತ್ತಾರೋ ಎಂದು ನಾವೆಲ್ಲ ಕರವಸ್ತ್ರ ಸಿದ್ಧ ಮಾಡಿಕೊಂಡು ಕೂತಿದ್ದೆವು. ಅವರು ಮೈಕಿನ ಮುಂದೆ ಬಂದು, ಕನ್ನಡಕ ಸರಿಮಾಡಿಕೊಂಡು, “ಹೋಂವರ್ಕ್ ಮಾಡದೆ ಬಂದಿರೋರು ಇವತ್ತು ಕೂತ್ಕೋಬಹುದು” ಅಂದು ಇಳಿದುಬಿಟ್ಟರು. ಅಷ್ಟೇ ಭಾಷಣ. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಒಬ್ಬ ತಂದೆ, ಅವರ ಹಳೆಯ ವಿದ್ಯಾರ್ಥಿಯೇ ಇರಬೇಕು, ಆಗ ಹೋಗಿ ಕುರ್ಚಿಯಲ್ಲಿ ಕೂತ. ಸಭೆಯೆಲ್ಲ ನಕ್ಕಿತು. ಅದಾದ ಮೇಲೆ ವರ್ಷದ ಕೊನೆಯ ಸ್ವಚ್ಛತೆ; ಬೆಂಚು ಉಜ್ಜಲು, ಕಿಟಕಿ ಒರೆಸಲು ಈ ಸಲ ಮೂವತ್ತಕ್ಕೂ ಹೆಚ್ಚು ಪಾಲಕರು ಬಂದಿದ್ದರು. ಪರಸ್ಪರ ಪರಿಚಯವಿಲ್ಲದವರು ಒಂದೇ ಬಕೆಟ್ಟಿಗೆ ಕೈಹಾಕಿಕೊಂಡು ತಮ್ಮ ಮಕ್ಕಳ ದೂರು ಹೇಳಿಕೊಳ್ಳುತ್ತಿದ್ದರು.

ಈಗ ಮುಂದಿನ ವರ್ಷದ ಯೋಜನೆ. ಹೊಸ ಸಿಸ್ಟರ್ ತಮ್ಮ ಕೋಣೆಯ ಗೋಡೆಗೆ ದೊಡ್ಡ ಡ್ರಾಯಿಂಗ್ ಶೀಟ್ ಅಂಟಿಸಿ, ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು ಬಣ್ಣದ ಚೀಟಿ ಸಿಕ್ಕಿಸಿದ್ದಾರೆ. ಎರಡು ಜಾಗ ಖಾಲಿ. ಒಂದು, ಲೆಕ್ಕದ ಟೀಚರ್ ಬಿಟ್ಟುಹೋದ ಐದನೆಯ ತರಗತಿ. ಅದಕ್ಕೆ ಮೂವರನ್ನು ಸಂದರ್ಶನ ಮಾಡಿದ್ದಾರೆ, ಯಾರೂ ಮನಸ್ಸಿಗೆ ಬಂದಿಲ್ಲ. ಇನ್ನೊಂದು, ಉಪಮುಖ್ಯೋಪಾಧ್ಯಾಯನ ಹುದ್ದೆ. ಅದನ್ನು ನನಗೆ ಕೊಡಬೇಕೆಂದಿದ್ದಾರೆ. ತರಗತಿ ಇರುವುದಿಲ್ಲ, ವೇಳಾಪಟ್ಟಿ, ಪರೀಕ್ಷೆ, ಯಾರಾದರೂ ರಜೆ ಹಾಕಿದರೆ ಬದಲಿ ವ್ಯವಸ್ಥೆ, ಇಷ್ಟೇ ಕೆಲಸ. ಸೋಮವಾರದೊಳಗೆ ಉತ್ತರ ಹೇಳಬೇಕು. ಕೋಣೆ ತೋರಿಸಿದರು. ನಿನಗೆ ಗೊತ್ತಿರುವುದೇ, ಹಳೆಯ ಪ್ರಯೋಗಶಾಲೆಯ ಪಕ್ಕದ್ದು, ಉದ್ದನೆಯ ಮೇಜು, ಉತ್ತರದ ಬೆಳಕು. ಬುಧವಾರ ಅಲ್ಲಿ ಒಂದು ಗಂಟೆ ಒಬ್ಬನೇ ಕೂತು ಮುಂದಿನ ವರ್ಷದ ಕರಡು ವೇಳಾಪಟ್ಟಿ ಹಾಕಿದೆ. ಹದಿನಾಲ್ಕು ತರಗತಿ, ಎಲ್ಲೂ ಒಂದಕ್ಕೊಂದು ಡಿಕ್ಕಿ ಹೊಡೆಯಲಿಲ್ಲ. ಸುಳ್ಳು ಹೇಳುವುದೇಕೆ, ಬಹಳ ಹಿತವಾಯಿತು. ಅದನ್ನು ನೋಡಿ ಹೊಸ ಸಿಸ್ಟರ್ ಸಂತೋಷದಲ್ಲಿ ಬಾಯಿತಪ್ಪಿ ಹೇಳಿದರು: “ನಿಮ್ಮ ಅಕ್ಕ ಬರೆದಿದ್ದು ಸರಿಯಾಗೇ ಇದೆ. ‘ಅವನಿಗೆ ಮಕ್ಕಳಿಗಿಂತ ಟೈಮ್ ಟೇಬಲ್ ಮೇಲೇ ಜೀವ, ಅದನ್ನೇ ಕೊಡಿ’ ಅಂತ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ನನಗೆ ಕೋಪ ಬರಲಿಲ್ಲ ಅಕ್ಕ. ನೀನು ನನ್ನ ಒಳ್ಳೆಯದಕ್ಕೇ ಬರೆದಿದ್ದೀಯ.

ಇವತ್ತು ಬೆಳಿಗ್ಗೆ ಮಕ್ಕಳನ್ನು ಒಪ್ಪಿಸುವ ಸಭೆ ಇತ್ತು. ನೀನು ಶುರುಮಾಡಿದ ಪದ್ಧತಿ ನಿನ್ನ ಜೊತೆಗೇ ಹೋಗುತ್ತದೆ ಎಂದುಕೊಂಡಿದ್ದೆ. ಇಲ್ಲ, ನಿನ್ನ ನಿಯಮಗಳನ್ನು ಅವರು ಟೈಪು ಮಾಡಿಸಿ ಗೋಡೆಗೆ ಹಚ್ಚಿದ್ದಾರೆ. ಪ್ರತಿ ಶಿಕ್ಷಕ ತನ್ನ ತರಗತಿಯ ಒಂದೊಂದು ಮಗುವಿನ ಬಗ್ಗೆ ಮುಂದಿನ ಶಿಕ್ಷಕನಿಗೆ ಒಂದೇ ವಾಕ್ಯ ಹೇಳಬೇಕು. ಅಂಕಪಟ್ಟಿಯಲ್ಲಿ ಇರುವುದನ್ನು ಹೇಳಬಾರದು. ದೂರು ಹೇಳಬಾರದು. ತಾನು ಕಣ್ಣಾರೆ ಕಂಡದ್ದೇ ಆಗಿರಬೇಕು. ನನ್ನ ನಾಲ್ಕನೆಯ ತರಗತಿಯಲ್ಲಿ ನಲವತ್ತೊಂದು ಮಕ್ಕಳು. ಮಂಗಳವಾರ ರಾತ್ರಿಯೊಳಗೆ ನಲವತ್ತು ವಾಕ್ಯ ಬರೆದು ಮುಗಿಸಿದ್ದೆ, ಕೆಲವು ನಿನಗೂ ಹಿಡಿಸುತ್ತಿದ್ದವು. ನಾಲ್ಕನೆಯ ನಂಬರಿನವನು ಜಗಳ ಶುರುವಾಗುವ ಎರಡು ನಿಮಿಷ ಮೊದಲೇ ಜಾಗ ಬದಲಿಸುತ್ತಾನೆ. ಇಪ್ಪತ್ತೊಂಬತ್ತನೆಯವಳು ಕೆಳಗೆ ಬಿದ್ದ ಪೆನ್ಸಿಲು ಯಾರದೆಂದು ಹಲ್ಲಿನ ಗುರುತು ನೋಡಿ ಹೇಳುತ್ತಾಳೆ. ಹದಿನೇಳನೆಯ ನಂಬರಿಗೆ ಬಂದಾಗ ಮಾತ್ರ ಪೆನ್ನು ನಿಂತಿತು. ಕಿಟಕಿಯ ಕಡೆಯ ಸಾಲು, ಮೂರನೆಯ ಬೆಂಚು. ಒಂದು ದಿನವೂ ತಪ್ಪಿಸಿಲ್ಲ, ಅಂಕಗಳು ಮಧ್ಯಮ, ಅಕ್ಷರ ದುಂಡಗೆ. ಅದೆಲ್ಲ ಪಟ್ಟಿಯಲ್ಲಿದೆ. ನಾನು ಕಂಡದ್ದು ಏನೂ ಇಲ್ಲ. ಮುಖ ನೆನಪಿದೆ, ಧ್ವನಿ ನೆನಪಿಲ್ಲ. ಒಂದು ವರ್ಷ, ದಿನಕ್ಕೆ ಐದು ಪೀರಿಯಡ್.

ಶುಕ್ರವಾರ ಗೇಟಿನ ಅಜ್ಜನನ್ನು ಕೇಳಿದೆ. ಅವರಿಗೆ ಎಲ್ಲ ಮಕ್ಕಳೂ ಗೊತ್ತು. “ಆ ಹುಡುಗಿನಾ ಸಾರ್? ಬಾಯಿ ಮುಚ್ಚಿದ್ರೆ ಕೇಳಿ” ಅಂದರು. ನಾವಿಬ್ಬರೂ ಒಬ್ಬಳ ಬಗ್ಗೆಯೇ ಮಾತಾಡುತ್ತಿದ್ದೇವೆಯೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಬಸ್ಸು ತಡವಾದ ದಿನ ಗೇಟಿನ ಬಳಿ ಅವಳದ್ದೇ ನಾಟಕವಂತೆ. ಯಾರ ನಕಲು ಅಂದರೆ ಅಜ್ಜ ಸ್ವಲ್ಪ ಹಿಂದೆಮುಂದೆ ನೋಡಿದರು. “ಬೇಜಾರು ಮಾಡ್ಕೋಬೇಡಿ ಸಾರ್, ನಿಮ್ಮದೇ. ಗೋಡೆ ಮೇಲೆ ಸ್ಕೇಲ್ ಇಟ್ಟು ಮಾರ್ಜಿನ್ ಎಳೀತಾಳೆ. ಎರಡು ಹೆಜ್ಜೆ ಹಿಂದೆ ಬರ್ತಾಳೆ. ಕತ್ತು ಓರೆ ಮಾಡಿ ನೋಡ್ತಾಳೆ. ಬೆರಳಿನ ಸೀಮೆಸುಣ್ಣ ಊದಿ ‘ಹ್ಞೂಂ, ಇರಲಿ’ ಅಂತಾಳೆ. ಥೇಟ್ ನೀವೇ. ಡ್ರೈವರ್ ಬಸ್ಸು ನಿಲ್ಲಿಸಿಕೊಂಡು ನೋಡ್ತಾನೆ.” ಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ, ನಾನು ಹಾಗೆ ಮಾಡುತ್ತೇನೆಯೇ ಎಂದು. “ಅಡುಗೆಮನೇಲಿ ಕ್ಯಾಲೆಂಡರ್ ತೂಗುಹಾಕುವಾಗ್ಲೂ ಮಾಡ್ತೀರಿ” ಅಂದಳು. ಅಮ್ಮ ಒಳಗಿನಿಂದಲೇ ‘ಹ್ಞೂಂ, ಇರಲಿ’ ಅಂದಳು.

ನಾನೇ ಕಣ್ಣಾರೆ ಕಂಡರೆ ವಾಕ್ಯವಾಗುತ್ತದಲ್ಲ ಎಂದು, ಅದೇ ಶುಕ್ರವಾರ ಮನೆಗೆ ಹೊರಡುವ ಮೊದಲೇ, ಬಸ್ಸು ಬರುವ ಹೊತ್ತಿಗೆ ನೋಟಿಸ್ ಬೋರ್ಡಿನ ಹಿಂದೆ ಹೋಗಿ ನಿಂತಿದ್ದೆ. ಐವತ್ತೆರಡು ವರ್ಷದವನು ಮಾಡುವ ಕೆಲಸವೇ ಅದು? ಅವಳ ಕಣ್ಣು ನನ್ನದಕ್ಕಿಂತ ಚುರುಕು. ಬೋರ್ಡಿನ ಕೆಳಗೆ ನನ್ನ ಬೂಟು ಕಂಡಿರಬೇಕು. ಬ್ಯಾಗನ್ನು ಎದೆಗೆ ಅವಚಿಕೊಂಡು “ಗುಡ್ ಆಫ್ಟರ್‌ನೂನ್ ಸರ್” ಅಂದಳು. ಆಮೇಲೆ ಬಸ್ಸು ಹೊರಡುವವರೆಗೂ ನನ್ನ ತರಗತಿಯಲ್ಲಿ ಕೂರುವ ಹಾಗೆಯೇ ಮಿಸುಕದೆ ನಿಂತಿದ್ದಳು. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಇಷ್ಟು: ನಮ್ಮಿಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ಇಡೀ ವರ್ಷ ಕೂಲಂಕಷವಾಗಿ ನೋಡಿದ್ದಾರೆ, ಅದು ನಾನಲ್ಲ.

ಸಭೆಯಲ್ಲಿ ನನ್ನ ಸರದಿ ಬಂತು. ಐದನೆಯ ತರಗತಿಗೆ ಇನ್ನೂ ಯಾರೂ ಇಲ್ಲದ್ದರಿಂದ ಹೊಸ ಸಿಸ್ಟರೇ ಎದುರು ಕೂತು ಬರೆದುಕೊಂಡರು. ಹದಿನೇಳಕ್ಕೆ ಬಂದಾಗ, ನನ್ನ ಬಳಿ ವಾಕ್ಯವಿಲ್ಲ ಅಂದೆ. ಗೇಟಿನ ಅಜ್ಜ ಹೇಳಿದ್ದನ್ನೂ ಹೇಳಿದೆ. ಸ್ಟಾಫ್ ರೂಮು ಹೊಟ್ಟೆ ಹಿಡಿದು ನಕ್ಕಿತು, ನಾನೂ ನಕ್ಕೆ. “ಅವಳು ಎದ್ದು ನಿಂತು ಪಾಠ ಮಾಡಿದ್ರೂ ನಿಮಗೆ ಬೋರ್ಡಿನ ಮಾರ್ಜಿನ್ನೇ ಕಾಣೋದು” ಎಂದರು ಲೆಕ್ಕದ ಟೀಚರ್. ನಿವೃತ್ತರಾದ ಮೇಲೆ ಅವರ ನಾಲಿಗೆಗೆ ಇನ್ನೂ ಸಾಣೆ ಹಿಡಿದಂತಾಗಿದೆ. ನಗು ನಿಂತ ಮೇಲೆ ಹೊಸ ಸಿಸ್ಟರ್ ಮೆಲ್ಲಗೆ ಹೇಳಿದರು: “ಚೆನ್ನಾಗಿದೆ ಸರ್, ಆದ್ರೆ ಇದು ಕಂಡಿದ್ದಲ್ಲ, ಕೇಳಿದ್ದು.” ನಿನ್ನ ನಿಯಮವನ್ನು ನಿನಗಿಂತ ಬಿಗಿಯಾಗಿ ಹಿಡಿದಿದ್ದಾರೆ. ಆ ಸಾಲನ್ನು ಖಾಲಿ ಬಿಟ್ಟು ಹದಿನೆಂಟಕ್ಕೆ ಹೋದರು. ನನಗೆ ಅವಮಾನ ಆಗಲಿಲ್ಲ. ಒಂದು ಮಗುವನ್ನೂ ಬಿಡದೆ ಹೇಳಿ ಮುಗಿಸಿದ ಹಿಂದಿನ ವರ್ಷಗಳಲ್ಲಿ ನಾನು ಎಷ್ಟು ವಾಕ್ಯಗಳನ್ನು ಸುಮ್ಮನೆ ಹೊಂದಿಸಿದ್ದೆನೋ ಎಂದು ಮಾತ್ರ ಯೋಚನೆ ಬಂತು. ಊಟಕ್ಕೆ ಎಲ್ಲರ ಜೊತೆ ಕೂತೆ. ಹೊಟ್ಟೆ ತುಂಬ ಉಂಡೆ.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಅಲ್ಲಿನ ಸಿಸ್ಟರ್‌ಗಳಿಗೆಲ್ಲ ನನ್ನ ವಂದನೆ ತಿಳಿಸು, ಇಸ್ಪೀಟಿನವರಿಗೆ ವಿಶೇಷವಾಗಿ. ಅಮ್ಮ ನಿನ್ನ ತಲೆ ಮುಟ್ಟಿ ಹರಸಿದ್ದೇನೆಂದು ಬರೆಯಲು ಹೇಳಿದ್ದಾಳೆ. ಪ್ರಾರ್ಥನೆಯಲ್ಲಿ ನಮ್ಮನ್ನು ನೆನೆ.

ನಿನ್ನ ತಮ್ಮ

ಮೇಲೆ ಬರೆಯದೆ ಉಳಿಸಿಕೊಂಡದ್ದು: ಅಜ್ಜ ಗೇಟಿಗೆ ಬೀಗ ಹಿಡಿದು ಕಾಯುತ್ತಿದ್ದಾರೆ, ಬೇಗ ಹೇಳುತ್ತೇನೆ. ಆ ಹುದ್ದೆ ನನಗೆ ಬೇಡ. ಐದನೆಯ ತರಗತಿ ಕೊಡಿ, ಅದೇ ನಲವತ್ತೊಂದು ಮಕ್ಕಳ ಜೊತೆ ನಾನೂ ಮೇಲಕ್ಕೆ ಹೋಗುತ್ತೇನೆ ಎಂದು ಸೋಮವಾರ ಒಂಬತ್ತು ಗಂಟೆಗೆ ಹೊಸ ಸಿಸ್ಟರ್‌ಗೆ ಹೇಳುವವನಿದ್ದೇನೆ. ವೇಳಾಪಟ್ಟಿಯನ್ನು ಬೇಕಾದರೆ ಶನಿವಾರ ಕೂತು ಮಾಡಿಕೊಡುತ್ತೇನೆ. ನೀನು ನನ್ನ ಬಗ್ಗೆ ಬರೆದದ್ದು ಸುಳ್ಳಲ್ಲ ಅಕ್ಕ, ಅದಕ್ಕೇ ಬೇಡ. ಹೆಂಡತಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಫೋನಿನಲ್ಲಿ ಹೇಳಿದ್ದರೆ ನೀನು ಐದು ನಿಮಿಷದಲ್ಲಿ ನನ್ನ ಮನಸ್ಸು ಬದಲಿಸಿಬಿಡುತ್ತಿದ್ದೆ. ಈ ಪತ್ರ ನಿನ್ನ ಕೈಸೇರುವುದು ಬುಧವಾರ.