ತೊಟ್ಟಿಲು ಬುಕ್ ಆಗಿದೆ

ಮೇ 28, 2000. ಭಾನುವಾರ

ರೊಟ್ಟಿ ಹನ್ನೆರಡು. ನಾಲ್ಕು ಹರಿದವು. ವೆಂಬ್ಲಿ ಅಂಗಡಿಯ ಜೋಳದ ಹಿಟ್ಟು ಹಳೆಯದಿರಬೇಕು. ನನ್ನ ಕೈ ಸರಿಯಿಲ್ಲ ಅಂತ ಮಾತ್ರ ಬರೆಯುವುದಿಲ್ಲ.

ನಮ್ಮ ಸಾಹೇಬರಿಗೆ ಹೊಸ ಹುಚ್ಚು. ಲಂಡನ್ ನೋಡಬೇಕಂತೆ. ಏಳು ವರ್ಷದಿಂದ ಇದೇ ಊರಲ್ಲಿದ್ದೇವಲ್ಲ ಅಂದೆ. "ಇದ್ದೀವಿ, ಆದ್ರ ನೋಡಿಲ್ಲ" ಅಂದರು. ಅದೂ ನಿಜ. ಆಸ್ಪತ್ರೆಯ ಲ್ಯಾಬ್, ಕೆಂಟನ್ ಸ್ಟೇಷನ್, ಮನೆ — ಉಮಾಶಂಕರ ಸಾಹೇಬರ ಲಂಡನ್ ಇಷ್ಟೇ. ನನ್ನದು 140ನೇ ಬಸ್ಸು ಮತ್ತು ಹೇಸ್‌ನ ಗೋದಾಮಿನ ಆಫೀಸು. ಹಾಗಾಗಿ ಹೊಳೆಯ ದಂಡೆಯಲ್ಲಿ ಹೊಸದಾಗಿ ಎದ್ದಿರುವ ಆ ದೊಡ್ಡ ಚಕ್ರಕ್ಕೆ, ಲಂಡನ್ ಐಗೆ, ಟಿಕೆಟ್ ಬುಕ್ ಆಗಿದೆ. ಜೂನ್ 17. ಅರ್ಧ ತಾಸು ಫೋನಿನಲ್ಲಿ ಮ್ಯೂಸಿಕ್ ಕೇಳಿ ಗಿಟ್ಟಿಸಿದ್ದು. ಈ ಊರಲ್ಲಿ ಕೇಬಲ್ ಕಾರ್ ಇಲ್ಲದ್ದು ನನ್ನ ಪುಣ್ಯ, ಇದ್ದಿದ್ದರೆ ಅದಕ್ಕೂ ಬುಕ್ ಆಗುತ್ತಿತ್ತು. ಸಾಲದ್ದಕ್ಕೆ ಕೌನ್ಸಿಲ್ ಲೈಬ್ರರಿಯಿಂದ ಒಂದು ಕ್ಯಾಸೆಟ್ಟು. ವಾಕ್‌ಮನ್‌ಗೆ ಹಾಕಿಕೊಂಡು ಅದು ಹೇಳಿದ ಹಾಗೆ ನಡೆದರೆ ಊರು ತಿಳಿಯುತ್ತದಂತೆ. ಗೈಡ್ ಬೇಡ, ಯಾರೂ ಬೇಡ.

ಮಧ್ಯಾಹ್ನ ಬಿಜಾಪುರಕ್ಕೆ ಭಾನುವಾರದ ಫೋನು. ಅತ್ತೆಗೆ ಈಗೀಗ ಕಿವಿ ಮಂದ, ಲೈನೂ ಸರಿಯಿರಲಿಲ್ಲ. ಇವರು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ಅವ್ವಾ, ತೊಟ್ಟಿಲಾ ಬುಕ್ ಮಾಡೀವಿ! ತೊಟ್ಟಿಲಾ!" ಆ ಕಡೆಯಿಂದ ಏನೋ ಕಿರುಚಿದ ಹಾಗಾಯಿತು. ಅಷ್ಟರಲ್ಲಿ ಫೋನ್ ಕಾರ್ಡು ಮುಗಿಯಿತು. ನಮ್ಮ ಕಡೆ ಇಂಥ ಚಕ್ರಕ್ಕೆ ತೊಟ್ಟಿಲು ಅಂತಲೇ ಅನ್ನುವುದು. ಇಷ್ಟು ದೊಡ್ಡದು ಅಂತ ಹೇಳಲು ಪುರುಸೊತ್ತೇ ಸಿಗಲಿಲ್ಲ ಅಂತ ಇವರಿಗೆ ಬೇಜಾರು.

ಮೇ 30, ಮಂಗಳವಾರ. ಬೆಳಗ್ಗೆ 7.20

ಅತ್ತೆಯ ಫೋನು. ನನಗೆ! ಮದುವೆಯಾಗಿ ಒಂಬತ್ತು ವರ್ಷ, ಅವರಾಗಿ ನನ್ನನ್ನು ಕೇಳಿ ಫೋನ್ ಮಾಡಿದ್ದು ಇದೇ ಮೊದಲು. "ಅವರು ಡ್ಯೂಟಿಗೆ ಹೋಗ್ಯಾರ್ರಿ ಅತ್ತೀ" ಅಂದೆ. "ಹೋಗ್ಲಿ ಬಿಡು, ನನಗ ನಿನ್ನ ಕೂಡ ಮಾತಾಡೂದೈತಿ" ಅಂದರು.

"ಭಾರ ಎತ್ತಬ್ಯಾಡವಾ. ಪಪಾಯಿ ಮುಟ್ಟಬ್ಯಾಡ. ಬಸ್ಸಿನ್ಯಾಗ ಹಿಂದಿನ ಸೀಟಿಗೆ ಕುಂದರಬ್ಯಾಡ."

"ಆತ್ರಿ" ಅಂದೆ. ಏನೂ ತಿಳಿಯದಿದ್ದರೂ ಆತ್ರಿ ಅನ್ನುವುದು ಸೊಸೆಯಾದವಳಿಗೆ ಅಭ್ಯಾಸ.

"ಮತ್ತ ಆ ತೊಟ್ಟಿಲಾ ಕ್ಯಾನ್ಸಲ್ ಮಾಡ್ರಿ. ಇಷ್ಟ ಲಗೂನ ಬ್ಯಾಡ."

"ವಾಪಸ್ ತಗೊಳ್ಳಾಂಗಿಲ್ರಿ ಅತ್ತೀ."

"ಹಂಗಾರ ಅಲ್ಲೇ ಇರ್ಲಿ, ಮನೀಗಿ ತರಬ್ಯಾಡ್ರಿ. ಖಾಲಿ ತೊಟ್ಟಿಲಾ ಮನ್ಯಾಗ ಛಲೋ ಅಲ್ಲ."

ಮನೆಗೆ ತರುವುದೇ? ನಾನೂರು ಅಡಿ ಚಕ್ರವನ್ನು? ಕೆಂಟನ್‌ಗೆ? ಖಾಲಿ ಬೇರೆ ಎಲ್ಲಿ, ಒಂದೊಂದು ಗಾಜಿನ ಗೂಡಿನಲ್ಲಿ ಇಪ್ಪತ್ತೈದು ಜನ ಅಂತ ಇವರೇ ಹೇಳಿದ್ದಾರೆ. ಅತ್ತೆಗೆ ವಯಸ್ಸಾಯಿತು. ಎತ್ತರ ಅಂತ ಹೆದರಿರಬೇಕು... ಆದರೆ ಪಪಾಯಿ ಯಾಕೆ? ಬಸ್ಸಿಗೆ ಹೊತ್ತಾಯಿತು.

ಅದೇ ದಿನ, ಮಧ್ಯಾಹ್ನ 1. ಹೇಸ್

ಬಸ್ಸಿನಲ್ಲಿ ಹೊಳೆಯಿತು. ನಾರ್ತೋಲ್ಟ್ ದಾಟುವಾಗ. ಅತ್ತೆಗೆ ಕೇಳಿಸಿದ್ದು ಕೂಸಿನ ತೊಟ್ಟಿಲು. ನಾನು ಬಸುರಿ ಅಂತ ತಿಳಿದಿದ್ದಾರೆ.

ಹಿಂದಿನ ಸೀಟಿನಲ್ಲಿ ಕೂತಿದ್ದೆ. ಎದ್ದು ಮುಂದೆ ಬಂದು ಕೂತೆ. ಯಾಕೆ ಎದ್ದೆನೋ ನನಗೇ ಗೊತ್ತಿಲ್ಲ.

94ರಲ್ಲಿ ಒಂದು, 97ರಲ್ಲಿ ಇನ್ನೊಂದು. ಎರಡೂ ಮೂರು ತಿಂಗಳು ದಾಟಲಿಲ್ಲ. ಇನ್ನು ಕಷ್ಟ ಅಂದರು ಡಾಕ್ಟರು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಿಲ್ಲ. ನನಗೀಗ ಮೂವತ್ತೇಳು. ಸಂಜೆ ಹೊಸ ಕಾರ್ಡು ತಂದು ಅತ್ತೆಗೆ ಹೇಳಿಬಿಡಬೇಕು. ಎರಡು ನಿಮಿಷದ ಮಾತು.

ಜೂನ್ 1, ಗುರುವಾರ

ಹೇಳಲಿಲ್ಲ. ಕಾರ್ಡು ತಂದೆ, ಡ್ರಾಯರಿನಲ್ಲಿಟ್ಟೆ.

ಬೆಳಗ್ಗೆ ಮತ್ತೆ ಅವರದೇ ಫೋನು. ನಿದ್ದೆ ಬರುತ್ತದೆಯೇ, ಬಾಯಿಗೆ ರುಚಿ ಇದೆಯೇ ಅಂತ ವಿಚಾರಿಸಿದರು. "ಜ್ವಾಕಿ ನನ್ನ ಕೂಸ" ಅಂದರು. ನನಗೆ! ಇಷ್ಟು ವರ್ಷ 'ಉಮ್ಯಾನ ಹೇಣ್ತಿ'ಯಾಗಿದ್ದವಳಿಗೆ. ನನ್ನ ತಾಯಿ ತೀರಿಕೊಂಡ ಮೇಲೆ ನನ್ನ ನಿದ್ದೆಯ ಸುದ್ದಿ ಯಾರೂ ಕೇಳಿರಲಿಲ್ಲ. ಹೂಂ ಅಂದೆ.

ಸುಳ್ಳು ಹೇಳಿದೆನೇ? ಇಲ್ಲ. ನಿಜ ಹೇಳಿದೆನೇ? ಅದೂ ಇಲ್ಲ. ಇವರಿಗಾದರೂ ಹೇಳಬೇಕು. ಆದರೆ ಹೇಗೆ ಶುರು ಮಾಡುವುದು — ಆ ಮಾತು ಎತ್ತದೆ ಇದನ್ನು ಹೇಳುವುದಕ್ಕೆ ಬರುವುದಿಲ್ಲ. ನಾಳೆ ನೋಡೋಣ.

ಜೂನ್ 4, ಭಾನುವಾರ

ಇವತ್ತು ಕ್ಯಾಸೆಟ್ಟಿನ ರಿಹರ್ಸಲ್. ಸಾಹೇಬರು ಲ್ಯಾಬಿನವರು, ಎಲ್ಲಕ್ಕೂ ಮೊದಲು ಟೆಸ್ಟ್ ಮಾಡಬೇಕು.

ವಾಕ್‌ಮನ್ ಒಂದು, ಕಿವಿ ನಾಲ್ಕು. ಇಯರ್‌ಫೋನಿನ ಬಲಗಡೆಯದು ಅವರಿಗೆ, ಎಡಗಡೆಯದು ನನಗೆ. ವೈರು ಗಿಡ್ಡ, ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಡೆಯಬೇಕು. ವಾಟರ್‌ಲೂ ದಾಟಿದ ಮೇಲೆ ಗೊತ್ತಾಯಿತು, ಹೇಳುವವನ ಧ್ವನಿ ಬಲಗಿವಿಗೆ ಮಾತ್ರ. ನನ್ನ ಕಿವಿಯಲ್ಲಿ ಬರೀ ಚರ್ಚಿನ ಗಂಟೆ, ಹಡಗಿನ ಕೂಗು. "ಏನಂದ? ಏನಂದ?" ಅಂತ ಕೇಳುತ್ತಾ ನಡೆದೆ. ಇವರು ಸಾಲು ಸಾಲಾಗಿ ಹೇಳುತ್ತಾ ಬಂದರು. ಈ ಗುಮ್ಮಟ ಇಷ್ಟನೇ ಇಸವಿಯದು, ಅದರ ಗೋಡೆ ಇಷ್ಟು ದಪ್ಪ. ಆಮೇಲೆ ಮಧ್ಯದಲ್ಲಿ ಸ್ಯಾಂಡ್‌ವಿಚ್ ತಿನ್ನಲು ಕೂತೆವು. ಟೇಪ್ ನಿಲ್ಲಿಸಲು ಮರೆತರು. ಅಲ್ಲಿಂದ ಮುಂದೆ ಅವನ ಲಂಡನ್ ಬೇರೆ, ನಮ್ಮ ಲಂಡನ್ ಬೇರೆ. "ನಿಮ್ಮ ಎದುರಿಗಿರುವುದು ಪುರಾತನ ಕೆಥೀಡ್ರಲ್" ಅಂದನಂತೆ. ಎದುರಿಗೆ ಕಾರ್ ಪಾರ್ಕು.

ನಗು ತಡೆಯಲಾಗಲಿಲ್ಲ. ಇವರೂ ನಕ್ಕರು. ಆಗ ಹೇಳಬಹುದಿತ್ತು. ನಗುವಾಗ ಹೇಳಲು ಮನಸ್ಸಾಗಲಿಲ್ಲ.

ಜೂನ್ 8, ಗುರುವಾರ

ಸಂಜೆ ರತ್ನಾಬಾಯಿ ಬಂದರು. ಎರಡು ರಸ್ತೆ ಆಚೆಗಿರುವವರು, ಬಿಜಾಪುರದವರೇ. ಇವರು ಇನ್ನೂ ಬಂದಿರಲಿಲ್ಲ. ಬಾಗಿಲು ಹಾಕಿ, ಪರದೆ ಎಳೆದು, ಚೀಲದಿಂದ ಒಂದು ಡಜನ್ ಹಸಿರು ಬಳೆ ತೆಗೆದರು. ಗುಳೇದಗುಡ್ಡದ ಖಣ. ಮಾವಿನಕಾಯಿ ಉಪ್ಪಿನಕಾಯಿ.

"ನಿಮ್ಮತ್ತಿ ನಮ್ಮ ತಂಗಿ ಮುಂದ ಹೇಳ್ಯಾರ. ನಾ ಯಾರಿಗೂ ಹೇಳಾಂಗಿಲ್ಲವಾ. ಕಳ್ಳ ಕುಬಸ ಮಾಡ್ತೀನಿ. ಇಲ್ಲೆ ನಿನಗ ಯಾರದಾರ?"

ಮೊದಲ ತಿಂಗಳುಗಳಲ್ಲಿ ಬಸುರಿಗೆ ಊರಿಗೆ ಗೊತ್ತಾಗದ ಹಾಗೆ ಮಾಡುವ ಸೀಮಂತ. ಈಗ ಹೇಳಲೇಬೇಕು ಅಂದುಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕೈ ಹಿಡಿದು, ಸೋಪಿನ ನೀರು ಸವರಿ, ಬಳೆ ಏರಿಸತೊಡಗಿದ್ದರು. ಎರಡು ಸಾರಿ ಇಲ್ಲಿಯವರೆಗೆ ಬರದೇ ಹೋದ ಬಳೆಗಳು. ಅತ್ತುಬಿಟ್ಟೆ. ಅವರು ಸಂತೋಷಕ್ಕೆ ಅಂದುಕೊಂಡರು. ಸಂತೋಷವೂ ಇತ್ತು, ಅದೇ ನನಗೆ ಅರ್ಥವಾಗದ್ದು. ನಾಚಿಕೆಯಿಂದ ಸಾಯಬೇಕೆನ್ನಿಸುವಾಗಲೇ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡೆ.

ಇವರು ಊಟಕ್ಕೆ ಕೂತಾಗ ಬಳೆ ನೋಡಿದರು. "ಛಂದ ಅದಾವ" ಅಂದು ಅನ್ನ ಕಲಸಿದರು. ಯಾರು ಕೊಟ್ಟರು, ಯಾಕೆ ಕೊಟ್ಟರು, ಒಂದೂ ಕೇಳಲಿಲ್ಲ. ಇವರಿಗೆ ಬಳೆಯ ಅರ್ಥ ಏನು ತಿಳಿಯುತ್ತದೆ ಅಂತ ಸಮಾಧಾನ ಮಾಡಿಕೊಂಡೆ.

ಜೂನ್ 11, ಭಾನುವಾರ

ಇವರಿಗೂ ಗೊತ್ತಾಗಿದೆ. ಅಂದರೆ, ತಪ್ಪಾಗಿ ಗೊತ್ತಾಗಿದೆ.

ಸಂಜೆ ಅಂಗಡಿಯಿಂದ ಬರುವಾಗ ಎರಡೂ ಚೀಲ ಅವರೇ ಹಿಡಿದರು. ಫುಟ್‌ಪಾತಿನಲ್ಲಿ ನನ್ನನ್ನು ಗೋಡೆಯ ಕಡೆಗೆ ಮಾಡಿ, ತಾವು ರಸ್ತೆಯ ಕಡೆ ನಡೆದರು. ಮನೆಗೆ ಬಂದು "ನೀ ಕುಂದರು" ಅಂತ ಚಹಾ ಮಾಡಿದರು. ಶುಂಠಿ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಪಾತ್ರೆ ತೊಳೆಯುವಾಗ ಗುನುಗುತ್ತಿದ್ದರು. ಈ ಗುನುಗು ಕೇಳಿ ಮೂರು ವರ್ಷವಾಗಿತ್ತು.

ಮಧ್ಯಾಹ್ನ ಅತ್ತೆಯ ಜೊತೆ ಮಾತಾಡಿದವರು ಇವರೇ, ನಾನು ಸ್ನಾನಕ್ಕೆ ಹೋಗಿದ್ದೆ. ಅವರು ಹೇಳಿರಬೇಕು. ಇವರ ಬಾಯಿಂದ ಹೊರಟ ಮಾತು ಬಿಜಾಪುರಕ್ಕೆ ಹೋಗಿ, ಸುದ್ದಿಯಾಗಿ, ಇವರಿಗೇ ವಾಪಸ್ ಬಂದಿದೆ. ನಾನೇ ಬಾಯಿಬಿಟ್ಟು ಹೇಳಲಿ ಅಂತ ಕಾಯುತ್ತಿದ್ದಾರೆ. ಅಯ್ಯೋ ದೇವರೇ. ಅತ್ತೆಗೆ ಸಮುದ್ರದಾಚೆಯಿಂದ ಹೇಳಬಹುದು. ಈ ಮನುಷ್ಯನಿಗೆ ಮುಖ ನೋಡಿಕೊಂಡು ಹೇಗೆ ಹೇಳಲಿ? ಹೇಳಿದರೆ ಗುನುಗು ನಿಲ್ಲುತ್ತದೆ. ಹೇಳದಿದ್ದರೆ ತಿಂಗಳು ತಿಂಗಳು ಏನು ತೋರಿಸಲಿ?

ಜೂನ್ 16, ಶುಕ್ರವಾರ

ಆಫೀಸಿನಲ್ಲಿ ಲೇಬಲ್ ಎಲ್ಲ ತಪ್ಪಾಗಿ ಅಂಟಿಸಿದೆ. ನಾಳೆ ಚಕ್ರದಲ್ಲಿ ಹೇಳುತ್ತೇನೆ. ಅರ್ಧ ತಾಸು ಬಾಗಿಲು ತೆರೆಯುವುದಿಲ್ಲವಂತೆ. ನಾನೂ ಓಡಿಹೋಗುವಂತಿಲ್ಲ, ಅವರೂ.

ಜೂನ್ 17, ಶನಿವಾರ. ಸಂಜೆ

ಬರೆಯುತ್ತೇನೆ. ಇದ್ದದ್ದು ಇದ್ದ ಹಾಗೆ.

ಗಾಜಿನ ಗೂಡು ನಿಲ್ಲುವುದಿಲ್ಲ, ನಡೆಯುತ್ತಿರುವಾಗಲೇ ಹತ್ತಬೇಕು. ಇವರು ನನ್ನ ರಟ್ಟೆ ಹಿಡಿದು ಹತ್ತಿಸಿದರು, ಗಾಜಿನ ಬಳೆಯನ್ನು ಹಿಡಿದ ಹಾಗೆ. ಹೊಳೆ ಕೆಳಗೆ ಸರಿಯಿತು. ಅದೇ ವಾಕ್‌ಮನ್, ಅದೇ ಕ್ಯಾಸೆಟ್ಟು, ಹೊಳೆಯ ಭಾಗಕ್ಕೆ ತಿರುಗಿಸಿಟ್ಟಿದ್ದರು. ಊರು ಅಗಲವಾಗುತ್ತಾ ಹೋಯಿತು. ಕೆಂಟನ್ ಯಾವ ದಿಕ್ಕು ಅಂತ ಹುಡುಕಿದೆ, ಸಿಗಲಿಲ್ಲ. ಇನ್ನೂ ಸ್ವಲ್ಪ ಮೇಲೆ ಹೋಗಲಿ, ಆಮೇಲೆ ಹೇಳೋಣ... ಇನ್ನೂ ಸ್ವಲ್ಪ... ತುದಿಗೆ ಬಂದು ಇಳಿಯತೊಡಗಿದೆವು. ಇಯರ್‌ಫೋನ್ ಕಿತ್ತೆ.

"ರೀ, ಹೊಟ್ಟ್ಯಾಗ ಏನೂ ಇಲ್ರಿ. ನೀವು ತೊಟ್ಟಿಲಾ ಅಂದದ್ದನ್ನ ಅತ್ತಿ ತಪ್ಪ ತಿಳಕೊಂಡ್ರು. ಅವರು ಫೋನ್ ಮಾಡಿದ ದಿನಾನ ನನಗ ಗೊತ್ತಾತು. ನಾ ಸುಮ್ಮ ಕುಂತೆ."

ಅವರು ನನ್ನ ಕಡೆ ತಿರುಗಲಿಲ್ಲ. ಪಕ್ಕದಲ್ಲಿ ಜಪಾನಿನವರು ಫೋಟೋ ತೆಗೆಯುತ್ತಿದ್ದರು. ಕೇಳಿಸಿತೋ ಇಲ್ಲವೋ ಅಂತ ಕೈ ಮುಟ್ಟಿದೆ. ಆಗ ಶುರು ಮಾಡಿದರು. "ಅದು ಪಾರ್ಲಿಮೆಂಟ್. ಹೊಳೀಗಿ ಹತ್ತಿ ಕಟ್ಟ್ಯಾರ. ಅದರ ಆಚೀಗಿ ಅರಮನಿ, ನೋಡು, ಮರದ ಹಿಂದ. ಈ ಸೇತುವಿ ಹೆಂಗಸರು ಕಟ್ಟಿದ್ದಂತ, ಗಂಡಸರೆಲ್ಲ ಯುದ್ಧಕ್ಕ ಹೋಗಿದ್ರಂತ." ನಾನು ಕೇಳದಿದ್ದರೂ ಒಂದೊಂದಾಗಿ ಹೇಳಿದರು. ಕೆಳಗೆ ಬರುವವರೆಗೂ ನಿಲ್ಲಿಸಲಿಲ್ಲ. ವಾಕ್‌ಮನ್ ನನ್ನ ಕೈಯಲ್ಲಿತ್ತು. ಟೇಪ್ ಯಾವಾಗಲೋ ಮುಗಿದು ನಿಂತಿತ್ತು.

ಇಳಿದ ಮೇಲೆ ಹುಲ್ಲಿನ ಮೇಲೆ ಕೂತೆವು. ನಾನು ಅಳುತ್ತಿದ್ದೆ. ಬೈಯಲಿ ಅಂತ ಕಾದೆ. ಅವರು ಶೂ ಲೇಸು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡಿದರು.

"ನನಗೂ ಗೊತ್ತಿತ್ತು" ಅಂದರು.

"ಏನು?"

"ಅವ್ವ ನನಗ ಲ್ಯಾಬಿಗೇ ಫೋನ್ ಮಾಡಿದ್ಲು, ಮೂರನೇ ದಿನ. ತೊಟ್ಟಿಲಾ ಅಂದ ಕೂಡಲೇ ತಿಳೀತು ನಂದ ಮಾತು ಇದು ಅಂತ. ಆದ್ರ ಒಂದು ಪರ್ಸೆಂಟ್... ಅಕಸ್ಮಾತ್ ಖರೇನ ಇದ್ರ? ನೀ ಬಳಿ ಬ್ಯಾರೆ ಹಾಕ್ಕೊಂಡಿದ್ದಿ."

"ಕೇಳಬೇಕಿತ್ತಲ್ರಿ ನನ್ನ!"

"ಕೇಳಿದ್ರ ನೀ ಇಲ್ಲ ಅಂತಿದ್ದಿ. ಅದಕ್ಕ ಕೇಳಲಿಲ್ಲ."

ಆಮೇಲೆ ಅವರೂ ಅತ್ತರು. 94ರಲ್ಲಿ ಅತ್ತಿರಲಿಲ್ಲ, 97ರಲ್ಲೂ ಅತ್ತಿರಲಿಲ್ಲ. ಕೆಂಟನ್ ಸ್ಟೇಷನ್ನಿನಿಂದ ಮನೆಗೆ ಬರುವಾಗ ನನ್ನನ್ನು ಮತ್ತೆ ಗೋಡೆಯ ಕಡೆಗೇ ಮಾಡಿ ನಡೆದರು. ನಾನು ಬೇಡ ಅನ್ನಲಿಲ್ಲ.

ಜೂನ್ 18, ಭಾನುವಾರ. ಬೆಳಗ್ಗೆ 9

ಅತ್ತೆಗೆ ಇವತ್ತೇ. ತಪ್ಪು ನಂದು, ನಾನೇ ಹೇಳುತ್ತೇನೆ ಅಂದರು ಇವರು. ಬೇಡ, ಮೊದಲು ನಾನು ಅಂದೆ. ಅವರು ಕಾರ್ಡಿನ ಹಿಂದಿನ ಸಿಲ್ವರ್ ಕೆರೆದು ನಂಬರ್ ಒತ್ತುತ್ತಿದ್ದಾರೆ. ಉದ್ದದ ನಂಬರು, ಎರಡು ಸಾರಿ ತಪ್ಪಾಯಿತು. ನಾನು ತಡವರಿಸಬಾರದು ಅಂತ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಅತ್ತೀ, ನಾ ಚಂದ್ರಿಕಾ. ಕುಂತೀರೇನ್ರಿ? ಅವರು ಅಂದದ್ದು ಖರೇ ತೊಟ್ಟಿಲಾ ಅಲ್ರಿ —

ಬೇಡ. ಹೊಡೆದುಹಾಕಿದೆ.

ಅತ್ತೀ, ತಪ್ಪು ಲೈನಿಂದಲ್ರಿ, ನಂದು. ನೀವು ನನ್ನ ಕೂಸ ಅಂದ್ರಲ್ಲ, ಅದನ್ನ ಕೇಳಾಕ ಸುಮ್ಮ ಇದ್ದೆ. ಇನ್ನ ಮ್ಯಾಲ ಹಂಗ ಅನ್ನದಿದ್ರೂ ನಡೀತೈತಿ —

ನಡೆಯುವುದಿಲ್ಲ. ಇದನ್ನೂ ಹೊಡೆದುಹಾಕಿದೆ. ರಿಂಗ್ ಆಗುತ್ತಿದೆ ಅಂದರು. ಎತ್ತಿದರಂತೆ. ರಿಸೀವರ್ ನನ್ನ ಕಡೆ ಚಾಚಿದ್ದಾರೆ, ಅತ್ತೆಯ ಧ್ವನಿ ಇಲ್ಲಿಗೇ ಕೇಳಿಸುತ್ತಿದೆ. ಅತ್ತೀ, ನಾ