ಕಾರ್ಡಿನಲ್ಲಿದ್ದ ಹೆಸರು

ಜೂನ್ 12, 2025, ಗುರುವಾರ

ಅಂಗನವಾಡಿ ಕಾರ್ಯಕರ್ತೆ ಮಧುಶ್ರೀ ನಡಾವಳಿ ಪುಸ್ತಕದಲ್ಲಿ ಬರೆದಿರುವುದು ಸರಿಯಲ್ಲ. “ಹಾಡಿಯ ಮೂರು ಮಕ್ಕಳನ್ನು ಪೋಷಕರೇ ಕರೆತಂದು ದಾಖಲಿಸಿದರು” ಎಂದಿದ್ದಾಳೆ. ಮೊದಲನೆಯದಾಗಿ, ಮೂರು ಮಕ್ಕಳಲ್ಲ, ಮೂವರು ಮಕ್ಕಳು. ಎರಡನೆಯದಾಗಿ, ಯಾರೂ ತಾವಾಗಿ ಬರಲಿಲ್ಲ. ಕಾಡಂಚಿನ ಆ ಗಿರಿಜನರ ಹಾಡಿಯವರೆಗೆ ನಾಲ್ಕು ಸಲ ನಡೆದು ನಾನು ಕರೆತಂದೆ. ಈ ಮಂಡಿನೋವು ಇಟ್ಟುಕೊಂಡು.

ಶಾಲೆಯಿಂದ ನಿವೃತ್ತಳಾದರೂ ಅಭ್ಯಾಸ ಬಿಟ್ಟಿಲ್ಲ; ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟೆ. “ಮೇಡಂ, ನಿಮ್ಮ ಕೈಗೆ ಸಿಕ್ರೆ ಮದ್ವೆ ಕಾಗ್ದನೂ ಕೆಂಪಾಗ್ತದೆ” ಎಂದು ನಕ್ಕಳು.

ಸುತ್ತೋಲೆ ಸ್ಪಷ್ಟವಾಗಿದೆ. ಜೂನ್ ಮೂವತ್ತಕ್ಕೆ ಹದಿನೈದು ಮಕ್ಕಳಿರದಿದ್ದರೆ ನಮ್ಮ ಕೇಂದ್ರ ಹೆದ್ದಾರಿಯಾಚೆಯ ಕೇಂದ್ರದಲ್ಲಿ ವಿಲೀನ. ಇದ್ದವರು ಹನ್ನೆರಡು ಮಂದಿ—ಕೂಲಿಯವರ ಮಕ್ಕಳು ಹತ್ತು, ಶುಂಠಿ ಬೆಳೆಯಲು ಕೇರಳದಿಂದ ಬಂದವರ ಮಕ್ಕಳು ಇಬ್ಬರು. ಹೊಲವಿರುವವರ ಮನೆಯಿಂದ ಒಂದೂ ಇಲ್ಲ. ಹಾಡಿಯ ಮೂವರು ಸೇರಿ ಈಗ ಹದಿನೈದು. ಸರಿಯಾಗಿ ಹದಿನೈದು.

ಜೂನ್ 14, ಶನಿವಾರ

ಇನ್ನೊಂದು ಮಗುವಾದರೂ ಹೆಚ್ಚಿರಲಿ ಎಂದು ಹಳೆಯ ವಿದ್ಯಾರ್ಥಿ ದೇವರಾಜುವಿನ ಮನೆಗೆ ಹೋದೆ. ಮಗಳನ್ನು ಖಾಸಗಿ ಶಾಲೆಯ ವ್ಯಾನಿಗೆ ಹತ್ತಿಸುತ್ತಿದ್ದ.

“ಆ ಆಡಿ ಮಕ್ಳ ಜೊತೆ ಕೂರ್ಸದಾ ಮೇಡಂ? ಬಾಸೆ ಕೆಟ್ಟೋಯ್ತದೆ ಕಣ್ರೀ. ಕುಡಿಯೋ ಆಲ್ನ ‘ಆಲು’ ಅಂದೆ ಅಂತ ನೀವೇ ಅಲ್ವ ನನ್ನ ಬೆಂಚ್ ಮೇಲೆ ನಿಲ್ಸಿದ್ದು?”

ನಿಲ್ಲಿಸಿದ್ದು ನಿಜ. ಹಕಾರ ಅವನಿಗೆ ಇಂದಿಗೂ ಬಂದಿಲ್ಲ. ವ್ಯಾನು ಹೊರಟಿತು. ನಾನೂ ಹೊರಟೆ.

ಜೂನ್ 17, ಮಂಗಳವಾರ

ಹಾಡಿಯ ಮಕ್ಕಳ ಅರ್ಜಿಗಳನ್ನು ನಾನೇ ತುಂಬಿದೆ. ಆಧಾರ್ ಕಾರ್ಡಿನ ಹೆಸರುಗಳೋ—ಐಸೂರ್ಯ, ರೂಪಸಿರಿ, ಮಾಯೇಂದ್ರ! ಯಾರೋ ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ಐಶ್ವರ್ಯ, ರೂಪಶ್ರೀ, ಮಹೇಂದ್ರ ಎಂದು ಶುದ್ಧವಾಗಿ ಬರೆದೆ.

ಐಶ್ವರ್ಯಳ ಅಜ್ಜಿ ಚಿಕ್ಕಮಾದಮ್ಮ ಬಗ್ಗಿ ನೋಡುತ್ತಿದ್ದಳು. “ಐಸೂರ್ಯ ಅಂದ್ರೇನೆ ಓ ಅನ್ನದು ಕಣವ್ವ ಅದು.”

ಅಭ್ಯಾಸವಾಗುತ್ತದೆ ಎಂದೆ. ಹಾಜರಿ ಕರೆದಾಗ ಮಗು ತಿರುಗಿಯೂ ನೋಡಲಿಲ್ಲ.

ಜುಲೈ 9, ಬುಧವಾರ, ಸಂಜೆ 5

ವಿಲೀನದ ಆದೇಶ ಬಂದಿದೆ. ನಮ್ಮಲ್ಲಿ ಹನ್ನೆರಡೇ ಮಕ್ಕಳಂತೆ. ಮಧುಶ್ರೀ ಫೋನಿನಲ್ಲಿ ಇಲಾಖೆಯ ಪಟ್ಟಿ ತೋರಿಸಿದಳು. ಮೂರು ಹೆಸರುಗಳ ಮುಂದೆ ಕೆಂಪು ಗುರುತು. ಅರ್ಜಿಯ ಹೆಸರೂ ಕಾರ್ಡಿನ ಹೆಸರೂ ತಾಳೆಯಾಗದ್ದರಿಂದ ಆ ಮೂವರು ಲೆಕ್ಕಕ್ಕಿಲ್ಲ.

“ಕಾರ್ಡಲ್ಲಿರೋ ಅಂಗೇ ಬರೀಬೇಕಿತ್ತು ಮೇಡಂ. ನಿಮ್ಗೆ ಎಂಗೆ ಯೋಳದು ಅಂತ...”

ಹೇಳಬೇಕಿತ್ತು. ಇಲ್ಲ—ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಜುಲೈ 11, ಶುಕ್ರವಾರ

ಪಿರಿಯಾಪಟ್ಟಣದ ಇಲಾಖೆ ಕಚೇರಿಗೆ ಹೋಗಿದ್ದೆ. ಮೂರು ಪುಟದ ಮನವಿ. ಒಂದೇ ಒಂದು ಕಾಗುಣಿತದೋಷವಿಲ್ಲ. ಅಧಿಕಾರಿ ಚಿಕ್ಕ ವಯಸ್ಸಿನಾಕೆ. ಕೊನೆಯ ಸಾಲಿನವರೆಗೂ ಓದಿದರು.

“ಎಷ್ಟು ಚೆನ್ನಾಗಿ ಬರ್ದಿದ್ದೀರ ಮೇಡಂ! ಆದ್ರೆ ಮೂವತ್ತನೇ ತಾರೀಕಿಗೇ ಪಟ್ಟಿ ಲಾಕ್ ಆಗೋಗಿದೆ. ಈಗ ತಿದ್ದಕ್ಕೆ ಬರಲ್ಲ.”

ತಿದ್ದಲು ಬರುವುದಿಲ್ಲ. ನೀರು ಕೊಟ್ಟರು. ಕುಡಿದೆ. ಬಸ್ಸು ಹಿಡಿದೆ.

ಜುಲೈ 24, ಗುರುವಾರ

ಹದಿಮೂರು ದಿನ ಹಾಡಿಯ ಕಡೆ ಹೋಗುವ ಧೈರ್ಯವಾಗಲಿಲ್ಲ. ಇಂದು ಹೋದೆ. ತಪ್ಪು ನನ್ನದು ಎಂದೆ. ಆಚೆಯ ಕೇಂದ್ರಕ್ಕೆ ಮಕ್ಕಳನ್ನು ಕಳುಹಿಸಬೇಕೆಂದು ಬೇಡಿಕೊಂಡೆ.

ಚಿಕ್ಕಮಾದಮ್ಮ ಕೂರಲು ಚಾಪೆ ಹಾಸಿದಳು. “ಬುಡವ್ವ, ನೀನು ಒಳ್ಳೇದ್ಕೇ ಬರ್ದೆ. ಆ ದೊಡ್ಡ್ ರೋಡ್ನ ದಿನಾ ಯಾರು ದಾಟ್ಸಾರು? ನಾವು ಸುಂಟಿ ಕೀಳಾಕೆ ಓಯ್ತೀವಿ. ಅವು ಇಲ್ಲೇ ಆಡ್ಕೊಂಡಿರ್ತವೆ. ನಮ್ ಐಸೂರ್ಯ ಮೊಟ್ಟೆ ಕೊಡಾಕಿಲ್ವಾ ಅಂತ ಕೇಳ್ತದೆ, ಅಷ್ಟೆ.”

ಬೈದಿದ್ದರೆ ಚೆನ್ನಾಗಿತ್ತು.

ಜುಲೈ 31, ಗುರುವಾರ

ಕೇಂದ್ರದ ಕೊನೆಯ ದಿನ. ತಕ್ಕಡಿ, ಕುಕ್ಕರ್, ಆಟಿಕೆಗಳು ಟೆಂಪೊ ಹತ್ತಿದವು. ಮಕ್ಕಳು ಟೆಂಪೊ ನೋಡಿ ಕುಣಿದವು.

ಮಧುಶ್ರೀ ಹಾಜರಿ ಪುಸ್ತಕವನ್ನು ನನ್ನ ಮುಂದಿಟ್ಟು, “ಇವತ್ತೊಂದಿನ ನೀವೇ ಬರ್ದುಬುಡಿ ಮೇಡಂ” ಎಂದಳು. ಅದರಲ್ಲಿ ಹನ್ನೆರಡೇ ಸಾಲು. ನೆಲದ ಮೇಲೆ ಕೂತಿದ್ದವರು ಹದಿನೈದು ಮಂದಿ. ಚಿಕ್ಕಮಾದಮ್ಮ ಮೂವರನ್ನೂ ತಲೆ ಬಾಚಿ ತಾನೇ ಕರೆತಂದಿದ್ದಳು. ಪೆನ್ನು ಹಿಡಿದು ಕೂತೆ, ಅಲ್ಲಿ ಬರೆಯಲಾಗಲಿಲ್ಲ. ಇಲ್ಲಿ ಬರೆಯುತ್ತೇನೆ.

ಹಾಜರಿದ್ದವರು—ಚಂದು. ಪುಟ್ಟಿ. ರಿನ್ಶಾ, ಅವಳ ತಮ್ಮ ಅಜ್ಮಲ್. ಗಾನವಿ. ಲಿಖಿತ. ಸಿದ್ದರಾಜು. ಮಾನಸ. ಇಬ್ಬರು ಪ್ರೀತಮ್. ಕಾವೇರಿ. ನಿಂಗರಾಜು. ಐಸೂರ್ಯ. ರೂಪಸಿರಿ. ಮಾಯೇಂದ್ರ.